ಹೂಕುಂಡದ ಹತ್ತಿರ ಬಂದು ಮಾತಾಡಿ

ಮೊದಲ ರೀಲು ಇಲ್ಲ. ಹಾಗಾಗಿ ಹೆಸರೂ ಇಲ್ಲ.
ಬೋಳಾರದ ಹೆಂಚಿನ ಗೋದಾಮಿನಲ್ಲಿ
ಆರಿದ ಗೂಡಿನ ಗೋಡೆಗೆ ಸುಣ್ಣ ಬಳಿದ ಪರದೆ;
ಅದರ ಮೇಲೆ ಸೀದಾ ಒಂದು ಕುದುರೆ ಓಡಿ ಬಂತು.
ಎಲ್ಲಿಂದ, ಯಾಕೆ, ಯಾರದ್ದು, ಕೇಳಬೇಡಿ.

ಸಿನೆಮಾಕ್ಕೆ ಮಾತು ಬಂದ ಹೊಸತರಲ್ಲಿ
ಯಾರೋ ಎಂಟು ದಿನದಲ್ಲಿ ಸುತ್ತಿ ಮುಗಿಸಿದ್ದು.
ಟೋಪಿ, ಬಂದೂಕು, ಒಂದೇ ಒಂದು ಬಂಡೆ.
ಆ ಬಂಡೆಯನ್ನು ಕಳ್ಳರು ಮೂರು ಸಲ ದಾಟಿದರು,
ಬೆನ್ನಟ್ಟಿದವರು ನಾಲ್ಕು ಸಲ.
"ಟ್ಯಾಲಿ ಆಗುವುದಿಲ್ಲ" ಎಂದರು ವಾಮನ ಬಾಳಿಗರು,
ಬ್ಯಾಂಕಿನಲ್ಲಿ ಸವೆದ ಬೆರಳು ಮಡಚುತ್ತಾ.

ಆಟ ಮುಗಿದ ಮೇಲೆ ಒಬ್ಬೊಬ್ಬರೂ ಏನಾದರೂ ಹೇಳಬೇಕು,
ಬರೆದುಕೊಳ್ಳುವುದು ನನ್ನ ಕೆಲಸ,
ಕಾರ್ಖಾನೆಯವರು ಬಿಟ್ಟುಹೋದ ಹಾಜರಿ ಪುಸ್ತಕದಲ್ಲಿ.

ಬಂದರಿನ ಜಲಜಕ್ಕ ಎದ್ದು ನಿಂತೇ ಕೇಳಿದಳು:
"ಒಬ್ಬನಾದರೂ ಉಂಡನಾ?
ಒಂದು ಗಂಟೆ ಗುಂಡು ಹೊಡೆದರು, ಒಂದು ತುತ್ತು ಇಲ್ಲ.
ಆ ಹೆಂಗಸು ಬಾಗಿಲಲ್ಲಿ ನಿಂತದ್ದೇ ನಿಂತದ್ದು."
ಸ್ವಲ್ಪ ತಡೆದು, "ಚಂದ ಉಂಟು. ಆದರೂ ಚಂದ ಉಂಟು."

ಬಣ್ಣದ ವೇಷ ಬಿಟ್ಟು ಹದಿನೇಳು ವರ್ಷವಾದ ಕುಂಞಣ್ಣನಿಗೆ
ಖಳನ ಮೇಲೆ ಸಿಟ್ಟು:
"ಮೀಸೆ ಉಂಟು, ಅಬ್ಬರ ಇಲ್ಲ.
ಅವ ಬರುವಾಗ ರಂಗಸ್ಥಳದ ದೀಪ ನಡುಗಬೇಕು.
ಇವ ಎಂತ ಮಾಡಿದ? ಬಾಗಿಲು ತೆರೆದ, ಬಂದ,
ಮರ್ಯಾದೆಯಲ್ಲಿ ಬಾಗಿಲು ಹಾಕಿದ."

ಎಣ್ಣೆ ಗಾಣದ ಹಸನಬ್ಬ ಕಣ್ಣು ಮುಚ್ಚಿಯೇ ನೋಡಿದ್ದು:
"ಅದು ಗೊರಸಲ್ಲ, ಗೆರಟೆ. ಎರಡು ಒಣ ಗೆರಟೆ,
ಮರಳಿನ ಪೆಟ್ಟಿಗೆ. ನಮ್ಮ ಕಡೆಯ ಕಾಯಿಯೇ ಇರಬೇಕು ಮಾರಾಯ,
ಹಡಗು ಹೋಗ್ತಿತ್ತಲ್ಲ ಆಗ."

ರೇಡಿಯೋ ರಿಪೇರಿಯ ಸಿಪ್ರಿಯನ್ ಮಾತ್ರ ಮೆಲ್ಲಗೆ:
"ನೋಡಿದಿರಾ, ಮಾತಾಡುವುದಿದ್ದರೆ ಎಲ್ಲರೂ
ಆ ಹೂಕುಂಡದ ಹತ್ತಿರ ಬರುತ್ತಾರೆ?
ಮೈಕು ಅದರೊಳಗೆ. ಇದ್ದದ್ದೇ ಒಂದು."
ಹೌದಲ್ಲ! ಪ್ರೀತಿ ಹೇಳಿದ್ದು ಅಲ್ಲಿ, ಸವಾಲು ಹಾಕಿದ್ದು ಅಲ್ಲಿ,
ಗುಂಡು ತಗಲಿದ ಮುದುಕನೂ ಅಷ್ಟು ದೂರ ತೆವಳಿ ಬಂದು
ಹೂವಿನ ಬುಡದಲ್ಲೇ ಕೊನೆಯ ಮಾತು ಮುಗಿಸಿದ್ದು.

ನಕ್ಕೆವು. ಫ್ಲಾವಿಯಾ ಬಾಯಿ ನಗಲಿಲ್ಲ.
"ನನ್ನ ಎಡಗಿವಿ ಸತ್ತ ಮೇಲೆ
ಜಗಳ ಮಾಡಲಿಕ್ಕೂ ನಮ್ಮವರು
ಸುತ್ತಿ ಬಂದು ಈ ಬದಿಯಲ್ಲಿ ಕೂರುತ್ತಿದ್ದರು."

"ಬೆಟ್ಟದ ಮೇಲೆ ನಿಂತವರು?" ಎಂದಳು ರಮ್ಲತ್,
ಹಸನಬ್ಬನ ಮೊಮ್ಮಗಳು, ಲಾ ಕಾಲೇಜು.
"ಮುಖಕ್ಕೆ ಬಣ್ಣ, ತಲೆಗೆ ಗರಿ, ಒಂದೊಂದು ಗುಂಡಿಗೆ ಮೂವರು ಬೀಳುವವರು.
ನೆಲ ಅವರದ್ದೇ ಅಲ್ವಾ?
ಹೂಕುಂಡದ ಹತ್ತಿರ ಅವರನ್ನು ಬಿಡಲೇ ಇಲ್ಲ."
ಅದನ್ನು ಬರೆಯುವಾಗ ಸೀಸದ ಮೊನೆ ಮುರಿಯಿತು.

ಅಷ್ಟು ಹೊತ್ತು ಬಾಯಿ ಬಿಡದ ದೂಮಣ್ಣ,
ಕಂಬಳದ ಕೆಸರಿನಲ್ಲಿ ಎರಡು ಸಲ ಕಾಲು ಮುರಿದುಕೊಂಡವ, ಹೇಳಿದ:
"ಬಿದ್ದದ್ದು ಪುನಃ ಹಾಕು."
ಹಾಕಿದೆ. ಕೈಯಲ್ಲೇ ತಿರುಗಿಸಿ, ನಿಧಾನಕ್ಕೆ.
ನಾಯಕ ಕುದುರೆಯಿಂದ ಬೀಳುತ್ತಾನೆ. "ಬೆನ್ನು ನೋಡು. ಅವ ಅಲ್ಲ ಇವ.
ಬೀಳಲಿಕ್ಕೆ ಬೇರೆ ಜನ."
ಕತ್ತರಿ ಹಾಕಲು ಮರೆತ ಹನ್ನೊಂದು ಚೌಕ:
ಧೂಳಿನಲ್ಲಿ ಆ ಬೇರೆ ಜನ ತಲೆ ಎತ್ತುತ್ತಾನೆ,
ಕ್ಯಾಮರಾ ಕಡೆಗಲ್ಲ,
ಕುದುರೆ ಏಳುತ್ತದಾ ಎಂದು ನೋಡುತ್ತಾನೆ.

ದೂಮಣ್ಣ ಮೂಗು ಒರೆಸಿಕೊಂಡ. ಅಭಿಪ್ರಾಯ ಹೇಳಲಿಲ್ಲ.

ಪುಸ್ತಕದ ಆ ಪುಟದಲ್ಲಿ ಎಡಕ್ಕೆ ಹಳೆಯ ಶಾಯಿ:
ಮಣ್ಣು ತುಳಿದವರ, ಹೆಂಚು ಹೊತ್ತವರ ಸಾಲು.
ಕೊನೆಯಲ್ಲಿ ಒಂದು ಗೆರೆ ಖಾಲಿ ಇತ್ತು.
"ಬಿದ್ದವ" ಎಂದು ಬರೆದೆ, ಎದುರಿಗೆ
ಹಾಜರ್.

ಮೆಟ್ಟಿಲಿಳಿಯುತ್ತಾ ಜಲಜಕ್ಕ ಕೂಗಿದಳು:
"ಬರುವ ಶನಿವಾರ ಉಣ್ಣುವವರ ಸಿನೆಮಾ ಹಾಕು!"